ಮನೆಯಲ್ಲಿ ಮಾಡಿದ ಪ್ಲೇ ಡೋ (ಮಕ್ಕಳು ಆಡೋ ಮೆತ್ತನೆ ಹಿಟ್ಟು): ಅಂಟುತ್ತೆ, ಮೂರೇ ದಿನಕ್ಕೆ ಹುಳಿ ವಾಸನೆ. ತಪ್ಪೆಲ್ಲಿ?

ಹಿಟ್ಟಿನಕೈ:
ಅಳತೆ ಹೀಗಿತ್ತು: ಮೈದಾ 2 ಕಪ್, ಪುಡಿ ಉಪ್ಪು ಅರ್ಧ ಕಪ್, ತಣ್ಣೀರು ಮುಕ್ಕಾಲು ಕಪ್, ಎಣ್ಣೆ 1 ಚಮಚ. ಒಲೆಗಿಡದೆ ಚಪಾತಿ ಹಿಟ್ಟಿನ ಹಾಗೆ ನಾದಿದ್ದು. ಮೊದಲ ದಿನ ರಬ್ಬರ್ ಥರ ಎಳೆದಷ್ಟೂ ವಾಪಸ್ ಹೋಗುತ್ತೆ, ಮರುದಿನ ಕೈಗೆ ಮೆತ್ತಿಕೊಳ್ಳುತ್ತೆ, ಮೂರನೇ ದಿನ ಡಬ್ಬಿ ತಳದಲ್ಲಿ ನೀರು, ಜೊತೆಗೆ ಹುಳಿ ವಾಸನೆ. ಆಡೋರು 3ರಿಂದ 5 ವರ್ಷದ ಎಂಟು ಮಕ್ಕಳು. ಕ್ರೀಮ್ ಆಫ್ ಟಾರ್ಟರ್ (ಬೇಕಿಂಗ್‌ಗೆ ಬಳಸೋ ಹುಳಿ ಪುಡಿ) ಇಲ್ಲಿನ ಅಂಗಡಿಗಳಲ್ಲಿ ಸಿಗಲ್ಲ. ಅದಿಲ್ಲದೆ ಆಗುತ್ತಾ? ಬಣ್ಣಕ್ಕೆ ಏನು ಹಾಕಬಹುದು?

ಬಾಣಲೆ_ಭಟ್ಟ:
ಆಗುತ್ತೆ. ಆದರೆ ಒಲೆ ಹಚ್ಚಲೇಬೇಕು. ಹಸಿ ಮೈದಾವನ್ನು ನಾದಿದಷ್ಟೂ ಅದರ ಅಂಟು ಗಟ್ಟಿಯಾಗುತ್ತೆ, ಅದಕ್ಕೇ ರಬ್ಬರ್ ಥರ ಎಳೆಯೋದು. ಹಸಿ ಪಿಷ್ಟ ನೀರನ್ನು ಹಿಡಿದಿಟ್ಟುಕೊಳ್ಳಲ್ಲ, ಬಿಟ್ಟುಬಿಡುತ್ತೆ. ಬಿಸಿ 60 ಡಿಗ್ರಿ ದಾಟಿದಾಗ ಪಿಷ್ಟ ನೀರು ಕುಡಿದು ಉಬ್ಬುತ್ತೆ, ಅಂಟಿನ ಎಳೆತವೂ ಸಾಯುತ್ತೆ. ಅಕ್ಕಿ ರೊಟ್ಟಿಗೆ ಹಿಟ್ಟು ಉಕ್ಕರಿಸೋದು ಇದೇ ಕಾರಣಕ್ಕೆ ತಾನೆ. ಇನ್ನೊಂದು ವಿಷಯ, ಹಸಿ ಹಿಟ್ಟಿನಲ್ಲಿ ಹೊಟ್ಟೆ ಕೆಡಿಸೋ ಬ್ಯಾಕ್ಟೀರಿಯಾ ಇರಬಹುದು. ಮಕ್ಕಳ ಕೈ ಬಾಯಿಗೆ ಹೋಗದೇ ಇರಲ್ಲ.

ಒಂದೇ ಕಪ್ಪಿನಲ್ಲಿ ಅಳೆಯಿರಿ. ಮೈದಾ 1 ಕಪ್ (125 ಗ್ರಾಂ), ಪುಡಿ ಉಪ್ಪು ಅರ್ಧ ಕಪ್ (140 ಗ್ರಾಂ), ನೀರು 1 ಕಪ್ (240 ಮಿ.ಲೀ.), ಅಡುಗೆ ಎಣ್ಣೆ 1 ದೊಡ್ಡ ಚಮಚ. ಕ್ರೀಮ್ ಆಫ್ ಟಾರ್ಟರ್ ಇದ್ದರೆ 2 ಟೀ ಚಮಚ. ಇಲ್ಲದಿದ್ದರೆ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್, ಅರ್ಧ ಟೀ ಚಮಚ. ಅದೂ ಇಲ್ಲ ಅಂದರೆ 4 ಟೀ ಚಮಚ ನಿಂಬೆರಸ ಹಾಕಿ, ನೀರನ್ನು ಅಷ್ಟೇ ಕಡಿಮೆ ಮಾಡಿ. ನೀವು ಮೈದಾದ ಕಾಲು ಭಾಗದಷ್ಟೇ ಉಪ್ಪು ಹಾಕಿದ್ದೀರಿ, ಹುಳಿ ಬಂದಿದ್ದು ಅದಕ್ಕೇ. ಅಲ್ಲಿ ಉಪ್ಪಿರೋದು ರುಚಿಗಲ್ಲ, ಕೆಡದೇ ಇರೋದಕ್ಕೆ. ಮೈದಾದ ಅರ್ಧದಷ್ಟಾದರೂ ಇರಬೇಕು.

ಮೊದಲು ನೀರಿಗೆ ಉಪ್ಪು, ಹುಳಿ ಹಾಕಿ ಆದಷ್ಟು ಕರಗಿಸಿ, ಇಷ್ಟು ನೀರಿನಲ್ಲಿ ಉಪ್ಪು ಪೂರ್ತಿ ಕರಗಲ್ಲ. ದಪ್ಪ ಹರಳು ಉಳಿದರೆ ಆಮೇಲೆ ಮರಳಿನ ಹಾಗೆ ಕೈಗೆ ಸಿಗುತ್ತೆ. ಮೈದಾ, ಎಣ್ಣೆ ಸೇರಿಸಿ ಗಂಟಿಲ್ಲದೆ ಕಲಕಿ ಒಲೆಗಿಡಿ, ಸಣ್ಣ ಉರಿಗಿಂತ ಸ್ವಲ್ಪ ಜಾಸ್ತಿ. ಮೊದಲು ದೋಸೆ ಹಿಟ್ಟಿನ ಹಾಗೆ ಇರುತ್ತೆ. ಎರಡು ಮೂರು ನಿಮಿಷಕ್ಕೆ ತಳದಲ್ಲಿ ಗಂಟು ಗಂಟಾಗಿ ಕೆಟ್ಟೇಹೋಯ್ತು ಅನ್ನಿಸುತ್ತೆ. ನೀರು ಹಾಕೋಕೆ ಹೋಗಬೇಡಿ, ಮುದ್ದೆ ತಿರುವೋ ಹಾಗೆ ತಿರುವುತ್ತಾ ಇರಿ. ಹಿಟ್ಟು ಅಂಚು ಬಿಟ್ಟು ಒಂದೇ ಉಂಡೆಯಾಗುತ್ತೆ, ಹಸಿ ಹೊಳಪು ಹೋಗುತ್ತೆ. ಒದ್ದೆ ಬೆರಳಲ್ಲಿ ಒತ್ತಿದಾಗ ಮೆತ್ತದಿದ್ದರೆ ತಕ್ಷಣ ಇಳಿಸಿ. ಆಮೇಲೆ ಒಂದು ನಿಮಿಷ ಜಾಸ್ತಿ ಇಟ್ಟರೂ ಆರಿದ ಮೇಲೆ ಬಿರುಕು ಬಿಡುತ್ತೆ. ಕೈ ತಡೆಯುವಷ್ಟು ಬಿಸಿ ಇದ್ದಾಗಲೇ ಐದು ನಿಮಿಷ ನಾದಿ.

ಕಬ್ಬಿಣದ ಬಾಣಲೆ ಬೇಡ. ಉಪ್ಪು, ಹುಳಿ ಎರಡೂ ಸೇರಿ ತುಕ್ಕೆಬ್ಬಿಸಿ ಹಿಟ್ಟು ಬೂದಿ ಬಣ್ಣಕ್ಕೆ ತಿರುಗುತ್ತೆ. ಅಲ್ಯೂಮಿನಿಯಂ ಪಾತ್ರೆಯನ್ನೂ ತಿನ್ನುತ್ತೆ. ದಪ್ಪ ತಳದ ಸ್ಟೀಲ್ ಅಥವಾ ನಾನ್‌ಸ್ಟಿಕ್ ಒಳ್ಳೇದು.

ಈ ಅಳತೆಗೆ ಹತ್ತಿರ ಹತ್ತಿರ ಅರ್ಧ ಕೆಜಿ ಬರುತ್ತೆ. ಒಂದು ಮಗುವಿಗೆ 100 ಗ್ರಾಂ ಸಾಕು, ಎಂಟು ಮಕ್ಕಳಿಗೆ ಎರಡು ಸಲ ಮಾಡಿ. ಒಟ್ಟಿಗೇ ಮಾಡಿದರೆ ತಿರುವೋಕೆ ರಟ್ಟೆ ಸೋಲುತ್ತೆ, ಮಧ್ಯದಲ್ಲಿ ಹಸಿ ಉಳಿಯುತ್ತೆ.

ಕಡಲತಡಿ:
ಮೇಲಿನ ಅಳತೆ ಸರಿ ಇದೆ. ಆದರೆ ಕರಾವಳಿಯಲ್ಲಿ ಮಳೆಗಾಲದಲ್ಲಿ ಅಷ್ಟಕ್ಕೇ ಮುಗಿಯೋದಿಲ್ಲ. ಗಾಳಿಯ ತೇವ 75% ದಾಟಿದರೆ ಉಪ್ಪು ತಾನಾಗೇ ನೀರು ಹೀರುತ್ತೆ, ಡಬ್ಬಿ ತೆರೆದಿಟ್ಟರೆ ಹಿಟ್ಟು ಬೆವರುತ್ತೆ. ಕಲ್ಲುಪ್ಪು ಪುಡಿ ಮಾಡಿ ಹಾಕಿದರೆ ಇನ್ನೂ ಬೇಗ, ಅದರಲ್ಲಿರೋ ಮೆಗ್ನೀಷಿಯಂ ಲವಣಕ್ಕೆ ನೀರಿನ ದಾಹ ಜಾಸ್ತಿ. ಪ್ಯಾಕೆಟ್ ಪುಡಿ ಉಪ್ಪೇ ಇರಲಿ. ಬೆವರಿದ ಹಿಟ್ಟಿಗೆ 1 ಟೀ ಚಮಚ ಕಾರ್ನ್‌ಫ್ಲೋರ್ ಹಾಕಿ ನಾದಿದರೆ ಸರಿಹೋಗುತ್ತೆ. ಮೈದಾ ಸುರಿದು ಸುರಿದು ಗಟ್ಟಿ ಮಾಡಬೇಡಿ, ಅದು ಹಸಿ ಹಿಟ್ಟು, ಬೇಯಿಸಿದ್ದೂ ದಂಡ.

ಬಯಲುಸೀಮೆಯ ಬೇಸಿಗೆಯಲ್ಲಿ ಸಮಸ್ಯೆ ಉಲ್ಟಾ: ಒಣಗಿ ಮೇಲೆ ಬಿಳಿ ಉಪ್ಪು ಕಟ್ಟುತ್ತೆ. ಅಲ್ಲಿ ಬೇಯಿಸುವಾಗಲೇ 1 ಟೀ ಚಮಚ ಗ್ಲಿಸರಿನ್ ಹಾಕಿ, ಮೆಡಿಕಲ್ ಶಾಪಿನಲ್ಲಿ ಸಿಗುತ್ತೆ.

ಹಿಟ್ಟು ಪೂರ್ತಿ ಆರೋ ತನಕ ಮುಚ್ಚಳ ಹಾಕಬೇಡಿ. ಬಿಸಿ ಇರುವಾಗಲೇ ಮುಚ್ಚಿದರೆ ಹಬೆ ನೀರಾಗಿ ಡಬ್ಬಿ ತಳಕ್ಕೆ ಇಳಿಯುತ್ತೆ. ಗಾಳಿಯಾಡದ ಡಬ್ಬಿಯಲ್ಲಿ ಮೂರು ನಾಲ್ಕು ವಾರ ಬರುತ್ತೆ. ವಾಸನೆ ಬಂದರೆ, ಚುಕ್ಕೆ ಕಂಡರೆ ಆ ಭಾಗ ಕಿತ್ತು ಉಳಿಸಿಕೊಳ್ಳಬೇಡಿ, ಪೂರ್ತಿ ಬಿಸಾಡಿ. ಪಟಿಕ ಒಂದು ಟೀ ಚಮಚ ಹಾಕಿದರೆ ಇನ್ನೂ ಬಾಳಿಕೆ.

ಬಣ್ಣದ_ಬುಗುರಿ:
ಪಟಿಕ ಬೇಡ ಅಂತೀನಿ. ನಾಲಿಗೆಗೆ ತಾಗಿದರೆ ಬಾಯೆಲ್ಲ ಒಗರು, ಮೂರು ವರ್ಷದವರಿಗೆ ನಿಂಬೆ ಹುಳಿ ಸಾಕು. ಘಮ ಬರಲಿ, ಕೆಡದಿರಲಿ ಅಂತ ಲವಂಗದ ಎಣ್ಣೆ ಹಾಕೋರೂ ಇದ್ದಾರೆ, ಎಳೆ ಚರ್ಮಕ್ಕೆ ಉರಿ.

ಬಣ್ಣದ ವಿಷಯ. ಎಲ್ಲಾ ಒಂದೇ ಬಣ್ಣ ಆದರೆ ನೀರಿಗೇ ಐದಾರು ಹನಿ ಫುಡ್ ಕಲರ್. ನಾಲ್ಕು ಬಣ್ಣ ಬೇಕಾದರೆ ಬಿಳಿ ಹಿಟ್ಟು ಮಾಡಿ ಭಾಗ ಮಾಡಿ, ಉಂಡೆ ನಡುವೆ ಗುಳಿ ಮಾಡಿ ಬಣ್ಣ ಹಾಕಿ, ಹೋಳಿಗೆಗೆ ಹೂರಣ ತುಂಬೋ ಹಾಗೆ ಮುಚ್ಚಿ ನಾದಿ. ಕೈಗೆ ಪ್ಲಾಸ್ಟಿಕ್ ಕವರ್ ಹಾಕಿಕೊಳ್ಳಿ. ಪುಡಿ ಬಣ್ಣ ಆದರೆ ಚಿಟಿಕೆಯಷ್ಟನ್ನು ಸ್ವಲ್ಪ ನೀರಲ್ಲಿ ಕದಡಿ, ಇಲ್ಲದಿದ್ದರೆ ಚುಕ್ಕೆ ಚುಕ್ಕೆ.

ಅರಿಶಿನ ಕಾಲು ಟೀ ಚಮಚಕ್ಕೇ ಗಾಢ ಹಳದಿ, ಬಟ್ಟೆಗೆ ತಾಗಿದರೆ ಮಾತ್ರ ಹೋಗಲ್ಲ. ಬೀಟ್‌ರೂಟ್ ರಸ ಅರ್ಧ ನೀರಿನ ಬದಲು. ಜಾಸ್ತಿ ಬೆಂದರೆ ಕಂದಾಗುತ್ತೆ. ಶಂಖಪುಷ್ಪ ಕುದಿಸಿದ ನೀರು ನೀಲಿ, ಆದರೆ ಇಲ್ಲಿ ಹುಳಿ ಇರೋದರಿಂದ ನೇರಳೆಗೆ ತಿರುಗುತ್ತೆ, ನೀಲಿ ನಿರೀಕ್ಷೆ ಮಾಡಬೇಡಿ. ರಂಗೋಲಿ ಪುಡಿ, ಹೋಳಿ ಬಣ್ಣ, ಅಂಗಡಿ ಕುಂಕುಮ ಖಂಡಿತ ಬೇಡ.

ಉಪ್ಪಿನ ಬಗ್ಗೆ ಯಾರೂ ಹೇಳಿಲ್ಲ. ಈ ಹಿಟ್ಟಿನಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಉಪ್ಪೇ. 10 ಗ್ರಾಂ ನುಂಗಿದರೆ ಎರಡೂವರೆ ಗ್ರಾಂ ಮೀರಿ ಉಪ್ಪು ಹೊಟ್ಟೆಗೆ. ದೊಡ್ಡವರಿಗೇ ದಿನಕ್ಕೆ 5 ಗ್ರಾಂ ಒಳಗೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳೋದು. ನೆಕ್ಕಿ ಉಗಿದರೆ ಚಿಂತೆ ಇಲ್ಲ, ಉಂಡೆ ನುಂಗೋ ವಯಸ್ಸಿನವರಿಗೆ ಕೊಡಬೇಡಿ. ಮನೆಯಲ್ಲಿ ನಾಯಿ ಇದ್ದರೆ ಎತ್ತರದಲ್ಲಿಡಿ, ಅದು ತಿಂದರೆ ಪ್ರಾಣಕ್ಕೇ ಕುತ್ತು. ಎರಡು ವರ್ಷದೊಳಗಿನವರಿಗೆ ಉಪ್ಪಿಲ್ಲದೆ ಉಕ್ಕರಿಸಿದ ಅಕ್ಕಿ ಹಿಟ್ಟು, ಅವತ್ತಿಗವತ್ತೇ ಮುಗಿಸಬೇಕು.

ಹಿಟ್ಟಿನಕೈ:
ಗೋಧಿ ಆಗದ ಮಗು ಒಂದಿದೆ. ಉಪ್ಪು ಹಾಕಿಯೇ ಅಕ್ಕಿ ಹಿಟ್ಟಲ್ಲಿ ಮಾಡಬಹುದಾ? ಮತ್ತೆ, ಇದರಲ್ಲೇ ಗಣಪನ ಮಾಡಿಸಿ ಒಣಗಿಸಿ ಇಡಬಹುದಾ?

ಬಾಣಲೆ_ಭಟ್ಟ:
ಅಕ್ಕಿ ಹಿಟ್ಟೊಂದೇ ಆದರೆ ಪುಡಿಪುಡಿ. ಅರ್ಧ ಕಪ್ ನುಣ್ಣನೆ ಅಕ್ಕಿ ಹಿಟ್ಟು, ಅರ್ಧ ಕಪ್ ಕಾರ್ನ್‌ಫ್ಲೋರ್, ಉಳಿದದ್ದು ಮೇಲಿನಂತೆಯೇ. ಮೈದಾದಷ್ಟು ಎಳೆ ಬರಲ್ಲ. ಗೋಧಿ ಅಲರ್ಜಿ ಅಂತಾದರೆ ಎಂಟೂ ಮಕ್ಕಳಿಗೆ ಇದನ್ನೇ ಮಾಡಿ, ಪಕ್ಕದ ಮಗುವಿನ ಉಂಡೆ ಕೈಗೆ ಬಂದೇ ಬರುತ್ತೆ.

ಗಣಪನಿಗೆ ಬೇಯಿಸಿದ ಹಿಟ್ಟು ಆಗಲ್ಲ, ಒಣಗುವಾಗ ಕುಗ್ಗಿ ಸೊಂಡಿಲೇ ಮೊದಲು ಬೀಳೋದು. ಅದಕ್ಕೆ ಬೇರೆ ಹದ: ಮೈದಾ 2, ಉಪ್ಪು 1, ನೀರು ಮುಕ್ಕಾಲರಿಂದ 1 ಕಪ್, ಬೇಯಿಸದೆ ಗಟ್ಟಿಯಾಗಿ ನಾದಿ. ಒಂದು ಸೆಂ.ಮೀ.ಗಿಂತ ದಪ್ಪ ಬೇಡ. 100 ಡಿಗ್ರಿ ಓವನ್‌ನಲ್ಲಿ ಎರಡು ಮೂರು ಗಂಟೆ. ಬಣ್ಣ ಬಳಿದು ವಾರ್ನಿಷ್ ಹಚ್ಚದಿದ್ದರೆ ಮಳೆಗಾಲದಲ್ಲಿ ಮತ್ತೆ ಮೆತ್ತಗಾಗುತ್ತೆ. ಕೊನೆಗೆ ತುಳಸಿ ಕಟ್ಟೆಗೋ ಗಿಡದ ಬುಡಕ್ಕೋ ಬಿಡಬೇಡಿ, ಅಷ್ಟು ಉಪ್ಪಿಗೆ ಗಿಡ ಸುಟ್ಟುಹೋಗುತ್ತೆ. ವಿಸರ್ಜನೆ ಮಾಡೋ ಗಣಪನಾದರೆ ಜೇಡಿಮಣ್ಣೇ ತರಿಸಿ.