ಅಪ್ಪನ ವಾಚಿನ ಪಟ್ಟಿ ಗಡುಸಾಗಿದೆ, ಮೆತ್ತಗಾಗಿಸುವುದು ಹೇಗೆ?

ಪ್ರಶ್ನೆ, ಉಡುಪಿಯಿಂದ

ಅಪ್ಪ ಕುವೈತ್‌ನಲ್ಲಿದ್ದಾಗ ಕೊಂಡ ಕ್ಯಾಸಿಯೊ ಜಿ-ಶಾಕ್ ಡಿಡಬ್ಲ್ಯೂ-6900 ಬಹಳ ವರ್ಷ ಕಪಾಟಿನಲ್ಲೇ ಇತ್ತು. ಬ್ಯಾಟರಿ ಹಾಕಿಸಿದೆ, ಚೆನ್ನಾಗಿ ಓಡುತ್ತಿದೆ. ಆದರೆ ಪಟ್ಟಿ ಬಾಗುತ್ತಲೇ ಇಲ್ಲ. ತೆಂಗಿನೆಣ್ಣೆ ಹಚ್ಚಿ ಬಿಸಿಲಿಗಿಡಿ ಎಂದು ಒಬ್ಬರು ಹೇಳಿದರೆ, ನೀರಿನಲ್ಲಿ ಕುದಿಸಿ ಎಂದು ಇನ್ನೊಬ್ಬರು ಹೇಳಿದರು. ತಮ್ಮನ ಸೈಕೊ ಡೈವರ್ ವಾಚಿನ ಪಟ್ಟಿ ಹೊಸದು, ಅದೂ ಗಡುಸೇ. ಎರಡಕ್ಕೂ ಒಂದೇ ಉಪಾಯವೇ? ಮಾಡಿ ನೋಡಿದವರು ದಯವಿಟ್ಟು ತಿಳಿಸಿ.

ಬೆಂಗಳೂರಿನಿಂದ

ತಮ್ಮನ ಪಟ್ಟಿಗೆ ಬಿಸಿನೀರೇ ಮದ್ದು. ನನ್ನ ಸೈಕೊದ ಪಟ್ಟಿ, ಒಳಬದಿಯಲ್ಲಿ ಜೆಡ್ 22 ಎಂಬ ಅಚ್ಚಿರುವುದು, ಕೈಗೆ ಕಟ್ಟಿದರೆ ಎರಡೂ ಬದಿ ಎದ್ದು ನಿಲ್ಲುತ್ತಿತ್ತು. ಪಟ್ಟಿಯನ್ನು ವಾಚಿನಿಂದ ಬಿಚ್ಚಿ, ಎರಡೂ ತುಂಡುಗಳನ್ನು ಸುರುಳಿ ಮಾಡಿ ಸ್ಟೀಲ್ ಲೋಟದೊಳಗೆ ಒತ್ತಿ ಕೂರಿಸಿದೆ. ಕುದಿದು ಇಳಿಸಿದ ನೀರನ್ನು ಅದರ ಮೇಲೆ ಸುರಿದು ನಾಲ್ಕೈದು ನಿಮಿಷ ಬಿಟ್ಟೆ. ಆಮೇಲೆ ಇಕ್ಕಳದಿಂದ ತೆಗೆದು, ಸುರುಳಿ ಬಿಚ್ಚದಂತೆ ಹಿಡಿದು, ತಣ್ಣೀರಿಗೆ ಹಾಕಿದೆ. ಮಣಿಕಟ್ಟಿನ ಬಾಗು ಹಾಗೆಯೇ ನಿಂತಿತು. ನಿಮ್ಮ ಮಣಿಕಟ್ಟಿನ ಸುತ್ತಳತೆ 17 ಸೆಂ.ಮೀ. ಇದ್ದರೆ ಸುಮಾರು 5.5 ಸೆಂ.ಮೀ. ಅಗಲದ ಶೀಶೆಗೆ ಸುತ್ತಿ ತಣಿಸಿದರೆ ಇನ್ನೂ ಚೆನ್ನಾಗಿ ಕೂರುತ್ತದೆ.

ಒಂದು ಮಾತು: ಇದರಿಂದ ಬದಲಾಗುವುದು ಆಕಾರ. ತಣಿದ ಮೇಲೆ ಪಟ್ಟಿ ಮೊದಲಿನಷ್ಟೇ ಗಟ್ಟಿಯಿರುತ್ತದೆ, ಕೈಯ ಆಕಾರಕ್ಕೆ ಬಂದಿರುವುದರಿಂದ ಚುಚ್ಚುವುದಿಲ್ಲ, ಅಷ್ಟೇ. ವಾಚಿನ ಸಮೇತ ಮಾತ್ರ ಅದ್ದಬೇಡಿ. ವಾಚಿನ ಮೇಲೆ 200 ಮೀಟರ್ ಎಂದು ಬರೆದಿರುವುದು ನೀರಿನ ಒತ್ತಡಕ್ಕೆ, ಬಿಸಿಗಲ್ಲ. ಬಿಸಿ ತಾಗಿ, ನೀರು ಒಳಹೋಗದಂತೆ ತಡೆಯುವ ರಬ್ಬರ್ ಗ್ಯಾಸ್ಕೆಟ್ ಸಡಿಲವಾದರೆ ಗಾಜಿನೊಳಗೆ ಹಬೆ ಕೂರುತ್ತದೆ.

ಕುಂದಾಪುರದಿಂದ

ಮೇಲಿನವರು ಹೇಳಿದ್ದು ಹೊಸ ಪಟ್ಟಿಗೆ ಸರಿ. ಅಪ್ಪನ ವಾಚಿನ ಪಟ್ಟಿಗೆ ದಯವಿಟ್ಟು ಹಾಗೆ ಮಾಡಬೇಡಿ.

ಕ್ಯಾಸಿಯೊದವರು ರೆಸಿನ್ ಎಂದು ಕರೆಯುವ ಇಂಥ ಪಟ್ಟಿಗಳು ಸಾಮಾನ್ಯವಾಗಿ ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್. ಈ ವಸ್ತುವಿನ ಕೆಲವು ಬಗೆಗಳು ಗಾಳಿಯ ತೇವಾಂಶವನ್ನು ಹೀರಿಕೊಂಡು ಒಳಗಿನಿಂದಲೇ ಮುರಿಯುತ್ತಾ ಹೋಗುತ್ತವೆ. ನೀರು ಅದರ ಉದ್ದನೆಯ ಅಣುಸರಪಳಿಗಳನ್ನು ತುಂಡರಿಸುತ್ತದೆ, ಸೆಕೆ ಹೆಚ್ಚಾದಷ್ಟೂ ಆ ಕೆಲಸ ಬೇಗ ನಡೆಯುತ್ತದೆ. ನಮ್ಮ ಕರಾವಳಿಯಲ್ಲಿ ಎರಡೂ ಧಾರಾಳ. ಕಟ್ಟದೆ ಡಬ್ಬಿಯಲ್ಲಿಟ್ಟ ವಾಚಿಗೂ ಇದು ತಪ್ಪುವುದಿಲ್ಲ. ಇಂಥದ್ದನ್ನು ಬಿಸಿನೀರಿಗೆ ಹಾಕುವುದೆಂದರೆ ಕೆಡಿಸುವ ಎರಡು ಕಾರಣಗಳನ್ನೂ ಒಟ್ಟಿಗೆ ಕೊಟ್ಟಂತೆ. ಹೊರಗಿನಿಂದ ಚೆನ್ನಾಗಿ ಕಂಡ ಪಟ್ಟಿಯೂ ಒಮ್ಮೆಲೇ ಹಪ್ಪಳದಂತೆ ಮುರಿದು ಕೈಗೆ ಬರುತ್ತದೆ.

ಮೊದಲು ಪರೀಕ್ಷೆ ಮಾಡಿ. ಒಳ್ಳೆಯ ಬೆಳಕಿನಲ್ಲಿ, ಬಕಲ್ ಸೇರುವ ತೂತುಗಳ ಹತ್ತಿರ ಬಹಳ ಮೆಲ್ಲಗೆ ಬಾಗಿಸಿ. ಕೂದಲೆಳೆಯಂಥ ಬಿಳಿ ಗೆರೆ ಕಂಡರೆ ಅಲ್ಲಿಗೆ ನಿಲ್ಲಿಸಿ. ಮೇಲ್ಮೈ ಅಂಟಂಟಾಗಿದ್ದರೂ ಅದೇ ಸೂಚನೆ. ಮುರಿದ ಸರಪಳಿಯನ್ನು ಮನೆಯಲ್ಲಿ ಮತ್ತೆ ಜೋಡಿಸುವ ಎಣ್ಣೆಯೂ ಇಲ್ಲ, ಕ್ರೀಮೂ ಇಲ್ಲ. ಗೆರೆ ಇಲ್ಲದಿದ್ದರೆ ಉಗುರುಬೆಚ್ಚಗಿನ ಸಾಬೂನು ನೀರು, ಮೆದು ಬ್ರಷ್, ನೆರಳಿನಲ್ಲಿ ಒಣಗಿಸುವುದು, ಇಷ್ಟೇ ಸಾಕು. ಎಷ್ಟೋ ಸಲ ಒಣಗಿದ ಬೆವರು ಮತ್ತು ಕೊಳೆಯ ಪದರವೇ ಅರ್ಧ ಗಡುಸುತನಕ್ಕೆ ಕಾರಣ.

ವಾಚ್ ರಿಪೇರಿ ಮಾಡುವವರು, ಹುಬ್ಬಳ್ಳಿಯಿಂದ

ತೆಂಗಿನೆಣ್ಣೆ ಹಚ್ಚಿದ ಬೆಲ್ಟ್‌ಗಳು ಅಂಗಡಿಗೆ ಬರುತ್ತಲೇ ಇರುತ್ತವೆ. ರೆಸಿನ್ ಬೆಲ್ಟಿಗೆ ಎಣ್ಣೆಯಿಂದ ಹೊಳಪು ಬರುತ್ತದೆ, ಧೂಳು ಕೂರುತ್ತದೆ, ಮೆತ್ತಗಾಗುವುದಿಲ್ಲ. ನಿಜವಾದ ರಬ್ಬರ್ ಆದರೆ ಎಣ್ಣೆಯನ್ನು ಹೀರಿ ಉಬ್ಬುತ್ತದೆ, ಬಲ ಕಳೆದುಕೊಳ್ಳುತ್ತದೆ. ವ್ಯಾಸಲಿನ್‌ಗೂ ಇದೇ ಮಾತು. ಪಿವಿಸಿ ಬೆಲ್ಟ್ ಗಡುಸಾಗುವ ಕಾರಣ ಬೇರೆ: ಮೆತ್ತಗಿರಲೆಂದು ತಯಾರಿಸುವಾಗ ಬೆರೆಸಿದ ಪದಾರ್ಥ ವರ್ಷಗಳಲ್ಲಿ ಹೊರಗೆ ಬಂದುಬಿಟ್ಟಿರುತ್ತದೆ. ಬಿಸಿನೀರಿಗೆ ಅದು ಸ್ವಲ್ಪ ಹೊತ್ತು ಬಗ್ಗುತ್ತದೆ, ತಣಿದರೆ ಮತ್ತೆ ಗಡುಸು. ಸಿಲಿಕೋನ್ ಹೀಗೆ ಗಡುಸಾಗುವುದು ಅಪರೂಪ.

ಥಿನ್ನರ್, ಪೆಟ್ರೋಲ್, ನೇಲ್ ಪಾಲಿಶ್ ತೆಗೆಯುವ ದ್ರವ ಯಾವುದಕ್ಕೂ ಬೇಡ. ಸೊಳ್ಳೆಗೆಂದು ಕೈಗೆ ಹಚ್ಚುವ ಡೀಟ್ ಇರುವ ಕ್ರೀಮಿನ ಬಗ್ಗೆಯೂ ಎಚ್ಚರವಿರಲಿ, ಅದು ಪ್ಲಾಸ್ಟಿಕ್ ಗಾಜನ್ನೂ ಬೆಲ್ಟನ್ನೂ ಕೆಡಿಸುತ್ತದೆ. ಹಚ್ಚಿ ಒಣಗಿದ ಮೇಲೆಯೂ ವಾಚನ್ನು ಆ ಜಾಗಕ್ಕೆ ತಾಗಿಸಬೇಡಿ.

ಮೈಸೂರಿನಿಂದ

ಟೈಪ್‌ರೈಟರ್ ರೋಲರ್ ಮೆತ್ತಗಾಗಿಸಲು ವಿಂಟರ್‌ಗ್ರೀನ್ ಎಣ್ಣೆ ಬಳಸುವವರಿದ್ದಾರೆ. ನೀಲಗಿರಿಯಲ್ಲಿ ಆ ಗಿಡ ಬೆಳೆಯುತ್ತದೆ, ಊಟಿಯ ಅಂಗಡಿಗಳಲ್ಲಿ ಎಣ್ಣೆಯೂ ಸಿಗುತ್ತದೆ. ಗಟ್ಟಿ ರಬ್ಬರ್ ರೋಲರ್‌ಗೆ ಅದು ಕೆಲಸ ಮಾಡಿದ್ದನ್ನು ನೋಡಿದ್ದೇನೆ. ಆದರೆ ಮೈಗೆ ತಾಗಿಕೊಂಡೇ ಇರುವ ವಾಚ್ ಪಟ್ಟಿಗೆ ನಾನು ಹಚ್ಚುವುದಿಲ್ಲ. ಚರ್ಮ ಉರಿಯುತ್ತದೆ, ಮಿಗಿಲಾಗಿ ಅದರಲ್ಲಿರುವ ಮೀಥೈಲ್ ಸ್ಯಾಲಿಸಿಲೇಟ್ ಒಂದು ಚಮಚ ಹೊಟ್ಟೆಗೆ ಹೋದರೂ ಚಿಕ್ಕ ಮಕ್ಕಳ ಜೀವಕ್ಕೆ ಅಪಾಯ. ಮಕ್ಕಳಿರುವ ಮನೆಯಲ್ಲಿ ಆ ಶೀಶೆ ಬೇಡವೇ ಬೇಡ.

ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ತಮ್ಮನದಕ್ಕೆ ಲೋಟದ ಉಪಾಯ ಮಾಡುತ್ತೇವೆ. ಅಪ್ಪನ ಪಟ್ಟಿಯನ್ನು ಮೆಲ್ಲಗೆ ಬಾಗಿಸಿದೆ, ಎರಡು ತೂತುಗಳ ಸುತ್ತ ಬಿಳಿ ಗೆರೆ ಕಾಣಿಸಿತು. ಅದನ್ನು ತೆಗೆದಿಟ್ಟು ಹೊಸದು ಹಾಕಿಸಬೇಕೆಂದಿದ್ದೇನೆ. ಯಾವುದನ್ನು ಕೇಳಿ ಕೊಳ್ಳಲಿ?

ವಾಚ್ ರಿಪೇರಿ ಮಾಡುವವರು, ಹುಬ್ಬಳ್ಳಿಯಿಂದ

ವಾಚಿನ ಹಿಂಬದಿಯ ಸ್ಟೀಲ್ ಮುಚ್ಚಳದ ಮೇಲೆ ಮಾದರಿಯ ಹೆಸರಿದೆ, ಪಕ್ಕದಲ್ಲಿ ಚೌಕದೊಳಗೆ ಒಂದು ಅಂಕಿ ಇದೆ. ಅದು ಮಾಡ್ಯೂಲ್ ನಂಬರ್, ಅಂದರೆ ವಾಚಿನ ಒಳಗಿನ ಯಂತ್ರದ ಸಂಖ್ಯೆ. ಎರಡನ್ನೂ ಬರೆದುಕೊಂಡು ಹೋಗಿ. ಹಳೆಯ ದಾಸ್ತಾನಿನ ಬೆಲ್ಟ್ ಕೊಟ್ಟರೆ ಬೇಡವೆನ್ನಿ. ಪ್ಯಾಕೆಟ್ ಒಡೆಯದಿದ್ದರೂ ಅದಕ್ಕೆ ವಯಸ್ಸಾಗಿರುತ್ತದೆ. ಕೊಡುವ ಮುನ್ನ ಬಗ್ಗಿಸಿ ತೋರಿಸಲು ಕೇಳಿ. ಬೆಲ್ಟನ್ನು ವಾಚಿಗೆ ಹಿಡಿದಿಡುವ ಸಣ್ಣ ಕಡ್ಡಿಗಳನ್ನೂ, ಅಂದರೆ ಸ್ಪ್ರಿಂಗ್ ಬಾರ್‌ಗಳನ್ನೂ, ಹೊಸದಾಗಿ ಹಾಕಿಸಿ, ಕರಾವಳಿಯ ಹವೆಗೆ ಅವು ಒಳಗೇ ತುಕ್ಕು ಹಿಡಿದಿರುತ್ತವೆ, ವಾಚ್ ಕೆಳಗೆ ಬೀಳುವುದು ಹೆಚ್ಚಾಗಿ ಅದರಿಂದಲೇ.

ಡಯಲ್ ಸುತ್ತಲಿನ ಕಪ್ಪು ಚೌಕಟ್ಟೂ ರೆಸಿನ್, ಬೆಲ್ಟಿನಷ್ಟೇ ಹಳೆಯದು. ಬಿಚ್ಚುವವರಿಗೆ ಇದನ್ನು ಮೊದಲೇ ಹೇಳಿ, ಸ್ಕ್ರೂಡ್ರೈವರ್ ತುದಿಯನ್ನು ಅದಕ್ಕೆ ಊರಿ ಮೀಟದಿರಲಿ.