ಮಾಕಳಿ ಬೇರಿನ ಟಿಶ್ಯೂ ಕಲ್ಚರ್: ಲ್ಯಾಬ್ ಮೇಡಂಗೆ ನಿಮ್ಮ ಪ್ರಶ್ನೆಗಳು

ಸಂಶೋಧನಾ ವಿದ್ಯಾರ್ಥಿನಿ: ಮೇಡಂ, ಬಾಟಲಿಯಲ್ಲಿ ಸಸಿ ಮಾಡೋಣ ಅಂತ ಮಾಕಳಿ ಬಳ್ಳಿಯ ಗಿಣ್ಣಿನ ತುಂಡುಗಳನ್ನು ಪೋಷಕಾಂಶ ತುಂಬಿದ ಎಂ.ಎಸ್. ಮೀಡಿಯಾದಲ್ಲಿ ಇಟ್ಟಿದ್ದೆ. ಕೆಲವೇ ದಿನದಲ್ಲಿ ಬುಡದ ಸುತ್ತ ಮೀಡಿಯಾ ಕಂದಾಯಿತು, ಆಮೇಲೆ ತುಂಡೂ ಕಪ್ಪಾಯಿತು. ಬೂಷ್ಟು ಬಂದಿಲ್ಲ. ಹಾರ್ಮೋನ್ ಜಾಸ್ತಿಯಾಯಿತಾ?

ಲ್ಯಾಬ್ ಮೇಡಂ: ಹಾರ್ಮೋನ್ ಅಲ್ಲಮ್ಮ, ಫೀನಾಲ್, ಗಿಡದೊಳಗೇ ಇರುವ ಒಂದು ಬಗೆಯ ರಾಸಾಯನಿಕ. ಕತ್ತರಿಸಿದ ಕಡೆ ಜೀವಕೋಶ ಒಡೆದು ಫೀನಾಲ್ ಹೊರಗೆ ಬರುತ್ತದೆ. ಗಾಳಿ ಮತ್ತು ಕಿಣ್ವ ಸೇರಿ ಅದನ್ನು ಕ್ವಿನೋನ್ ಮಾಡುತ್ತವೆ. ಆ ಕಂದು ಬಣ್ಣ ಅದರದ್ದೇ, ತುಂಡಿಗೆ ಅದು ವಿಷ. ಈ ಬೇರಿಗೆ ಆಂಟಿಆಕ್ಸಿಡೆಂಟ್ ಗುಣ ಇದೆ ಅಂತ ಹೊಗಳುತ್ತೇವಲ್ಲ, ಅದರಲ್ಲೂ ಫೀನಾಲ್‌ಗಳದ್ದೇ ದೊಡ್ಡ ಪಾಲು. ನಾವು ಬಯಸುವ ಜಾತಿಯ ವಸ್ತುವೇ ಬಾಟಲಿಯೊಳಗೆ ಕುಡಿಯನ್ನು ಸಾಯಿಸುತ್ತದೆ! ನನಗೆ ಈ ಗಿಡದ ಹುಚ್ಚು ಹಿಡಿದದ್ದೇ ಇದರಿಂದ.

ಬಲಿತ ಬಳ್ಳಿ ಬಿಡಿ, ಎಳೆ ಚಿಗುರಿನ ಗಿಣ್ಣು ತಗೊಳ್ಳಿ. ಕತ್ತರಿಸಿದ ಕೂಡಲೇ ಆಸ್ಕಾರ್ಬಿಕ್ ಮತ್ತು ಸಿಟ್ರಿಕ್ ಆಮ್ಲದ ತೆಳು ದ್ರಾವಣದಲ್ಲಿ ಅದ್ದಿಡಿ. ಮೊದಲ ಕೆಲವು ದಿನ ಕತ್ತಲಲ್ಲಿಡಿ. ಕಂದು ಕಂಡರೆ ಕಾಯಬೇಡಿ, ಹೊಸ ಮೀಡಿಯಾಕ್ಕೆ ಬದಲಿಸಿ. ಇದ್ದಿಲಿನ ಪುಡಿ ಫೀನಾಲ್ ಹೀರುತ್ತದೆ ನಿಜ, ಆದರೆ ಹಾರ್ಮೋನನ್ನೂ ಹೀರುತ್ತದೆ. ಕುಡಿ ಒಡೆಸುವಾಗ ಫೀನಾಲ್ ಹಿಡಿದಿಡುವ ಪಿ.ವಿ.ಪಿ. ಪುಡಿ ವಾಸಿ.

ಗಿಡಪ್ರೇಮಿ: ಈ ಬೇರಿನ ಕಷಾಯ ಕುಡಿದರೆ ಸಕ್ಕರೆ ಕಾಯಿಲೆ ಮಾಯ ಅಂತ ಫಾರ್ವರ್ಡ್ ಬಂದಿದೆ. ನಿಜವಾ?

ಲ್ಯಾಬ್ ಮೇಡಂ: ಇಲ್ಲ. ಮಾತ್ರೆ ಬಿಡಬೇಡಿ.

ಗಿಡಪ್ರೇಮಿ: ಡಿ.ಪಿ.ಪಿ.ಎಚ್. ಅನ್ನುವ ಆಂಟಿಆಕ್ಸಿಡೆಂಟ್ ಪರೀಕ್ಷೆಯಲ್ಲಿ ಪಾಸಾಗಿದೆಯಂತಲ್ಲ?

ಲ್ಯಾಬ್ ಮೇಡಂ: ಅದು ನೇರಳೆ ದ್ರಾವಣ. ಬೇರಿನ ಸಾರ ಹಾಕಿದರೆ ಹಳದಿಗೆ ತಿರುಗುತ್ತದೆ. ಎಷ್ಟು ತಿರುಗಿತು ಅಂತ ಬೆಳಕಿನ ಅಲೆಯುದ್ದ 517 ನ್ಯಾನೋಮೀಟರ್‌ನಲ್ಲಿ ಅಳೆಯುತ್ತೇವೆ. ಅಷ್ಟೇ. ಹೊಟ್ಟೆಗೆ ಹೋದದ್ದು ರಕ್ತ ಸೇರುತ್ತದಾ, ಕಾಯಿಲೆ ವಾಸಿ ಮಾಡುತ್ತದಾ ಅನ್ನುವುದನ್ನು ಆ ಬಣ್ಣ ಹೇಳುವುದಿಲ್ಲ.

ಕಾಡಂಚಿನವ: ಬಾಟಲಿ ಗಿಡದಲ್ಲಿ ಸತ್ವ ಎಲ್ಲಿಂದ ಬರಬೇಕು? ಕಾಡಿನದ್ದೇ ಬೇರು.

ನರ್ಸರಿಯವ: ಬೇರು ಕಿತ್ತರೆ ಬಳ್ಳಿಯೇ ಹೋಗುತ್ತೆ. ಹಾಗೆ ಕಿತ್ತೂ ಕಿತ್ತೂ ತಾನೇ ಇದು ಅಳಿವಿನಂಚಿಗೆ ಬಂದದ್ದು?

ಕಾಡಂಚಿನವ: ಅಂದ್ರೆ ನಾವು ಕಳ್ಳರಾ?

ನರ್ಸರಿಯವ: ಹಾಗಂದೆನಾ? ಸರಿಯಾಗಿ ಓದಿ ಮಾತಾಡಿ.

ಕಾಡಂಚಿನವ: ನಿಮ್ಮದು ವ್ಯಾಪಾರ, ಅದಕ್ಕೇ ಈ ಮಾತು.

ಹೊಸಬ: ಬೇರಿನ ಘಮ ಬಾಟಲಿಯೊಳಗೇ ಬರುತ್ತದಾ ಮೇಡಂ?

ಲ್ಯಾಬ್ ಮೇಡಂ: ಇಬ್ಬರೂ ನಿಲ್ಲಿಸಿ. ಗಿಣ್ಣಿನ ಮೊಗ್ಗಿನಿಂದ ಬಂದ ಸಸಿ ಸಾಮಾನ್ಯವಾಗಿ ತಾಯಿಯ ಹಾಗೇ ಇರುತ್ತದೆ. ಆಕಾರವಿಲ್ಲದ ಜೀವಕೋಶದ ಮುದ್ದೆ, ಅಂದರೆ ಕ್ಯಾಲಸ್‌ನಿಂದ ಬಂದದ್ದರಲ್ಲಿ ವ್ಯತ್ಯಾಸ ಬರುವುದು ಜಾಸ್ತಿ. ಗೆಡ್ಡೆ ಬಲಿಯಲು ಎರಡಕ್ಕೂ ಮಣ್ಣು ಬೇಕು, ಸಮಯ ಬೇಕು.

ಹೊಸಬ: ಬ್ಲೀಚ್‌ಗೆ ಆಸಿಡ್ ಬೆರೆಸಿ ತೊಳೆದರೆ ಬೂಷ್ಟು ಬರಲ್ಲ ಅಂತ ಇನ್ನೊಂದು ಗ್ರೂಪಿನಲ್ಲಿ…

ಲ್ಯಾಬ್ ಮೇಡಂ: ಬೆರೆಸಲೇಬೇಡಿ! ಕ್ಲೋರಿನ್ ಅನಿಲ ಏಳುತ್ತದೆ, ಶ್ವಾಸಕೋಶ ಸುಡುತ್ತದೆ. ಇಂಥದ್ದನ್ನು ಯೋಚಿಸದೆ ಕಳಿಸುವವರಿಗೆ ಏನು ಹೇಳಲಿ? ಈಗಲೇ ಅಳಿಸಿ.

ಮನೆಮದ್ದು: ಮೇಡಂ, ಶುಗರ್‌ಗೆ ಈ ಕಷಾಯ ಎಷ್ಟು ಲೋಟ?

ಲ್ಯಾಬ್ ಮೇಡಂ: ಮೇಲೆ ಓದಿ.

ಸಂಶೋಧನಾ ವಿದ್ಯಾರ್ಥಿನಿ: ಕತ್ತಲಲ್ಲಿಟ್ಟರೆ ಕುಡಿ ಬಿಳಿಚಿಕೊಳ್ಳಲ್ವಾ ಮೇಡಂ?

ಲ್ಯಾಬ್ ಮೇಡಂ: ಸ್ವಲ್ಪ ಬಿಳಿಚುತ್ತದೆ, ಬೆಳಕಿಗೆ ತಂದ ಮೇಲೆ ಹಸಿರಾಗುತ್ತದೆ. ಮೀಡಿಯಾ ಬದಲಿಸುವಾಗ ಬುಡದ ಕಂದು ಭಾಗವನ್ನು ತೆಳ್ಳಗೆ ಕತ್ತರಿಸಿ ತೆಗೆಯಿರಿ. ಫೋಟೋ ಹಾಕಮ್ಮ, ಬುಡ ಕಾಣುವ ಹಾಗೆ.