ತೌ-ತೌ, ಲಿಯಾಂಗ್, ಸಿಂಬುವಾಂಗ್: ಕನ್ನಡದಲ್ಲಿ ಏನೆನ್ನಬೇಕು?

ಪ್ರಶ್ನೆ: ಇಂಡೊನೇಷ್ಯಾದ ದಕ್ಷಿಣ ಸುಲಾವೆಸಿಯಲ್ಲಿರುವ ತೊರಾಜ ಜನರ ಅಂತ್ಯಕ್ರಿಯೆ ಕುರಿತ ಬರಹವೊಂದರಲ್ಲಿ ತೌ-ತೌಗೆ ‘ಶವದ ಗೊಂಬೆ’, ಲಿಯಾಂಗ್‌ಗೆ ‘ಗುಹೆ’, ಸಿಂಬುವಾಂಗ್‌ಗೆ ‘ವೀರಗಲ್ಲು’ ಎಂದು ಬಳಸಲಾಗಿದೆ. ಇವು ಹೊಂದುತ್ತವೆಯೇ? ತೌ-ತೌಗೆ ‘ಪ್ರತಿಕೃತಿ’ ಎಂದರೆ ಹೇಗೆ?

ಉತ್ತರ: ‘ಪ್ರತಿಕೃತಿ’ ನಿಘಂಟಿನ ಪ್ರಕಾರ ಸರಿ, ಆದರೆ ಪತ್ರಿಕೆ ಓದುವವರಿಗೆ ಅದರ ಹಿಂದೆಯೇ ‘ದಹನ’ ನೆನಪಾಗುತ್ತದೆ. ‘ಶವದ ಗೊಂಬೆ’ ಇನ್ನೂ ಕೆಟ್ಟದ್ದು. ತೌ ಎಂದರೆ ಮನುಷ್ಯ, ಇಮ್ಮಡಿಸಿದಾಗ ‘ಮನುಷ್ಯನಂಥದ್ದು’. ಕೆತ್ತುವುದು ಬದುಕಿದ್ದಾಗಿನ ರೂಪವನ್ನು, ಶವವನ್ನಲ್ಲ. ‘ಸತ್ತವರ ಪ್ರತಿಮೆ’ ಎಂದು ಒಮ್ಮೆ ವಿವರಿಸಿ, ಮುಂದೆ ತೌ-ತೌ ಎಂದೇ ಬರೆಯುವುದು ಮೇಲು. ‘ಮರದ ಪ್ರತಿಮೆ’ ಎಂದರೂ ಎಡವಟ್ಟೇ. ಮೇಲ್ವರ್ಗದವರದು ಹಲಸಿನ ಮರದ್ದು: ಗಟ್ಟಿ, ಹುಳು ಬೇಗ ಹಿಡಿಯದು, ಹೊಸದರಲ್ಲಿ ಹಳದಿಯಿದ್ದು ಬರಬರುತ್ತ ಕಂದಾಗುತ್ತದೆ. ಕೆಳಗಿನ ದರ್ಜೆಯವರಿಗೆ ಬಿದಿರಿನ ತೌ-ತೌ ಲಾಂಪಾ; ಕ್ರಿಯೆ ಮುಗಿದ ಮೇಲೆ ಅದನ್ನು ಉಳಿಸಿಕೊಳ್ಳುವುದಿಲ್ಲ. ಮರದ್ದಕ್ಕೆ ನಿಜವಾದ ಬಟ್ಟೆ ಉಡಿಸುವುದರಿಂದ ಮೊದಲು ಹಾಳಾಗುವುದು ಬಟ್ಟೆಯೇ. ಕಳ್ಳಸಾಗಣೆಗೆ ಎಷ್ಟೋ ಹಳೆಯವು ಹೋಗಿವೆ. ಈಗ ಕೆಲವೆಡೆ ನಿಂತಿರುವುದು ನಕಲು. ‘ಪ್ರತಿಕೃತಿ’ ಬೇಕೇ ಬೇಕೆಂದರೆ ಅವಕ್ಕೆ ಬಳಸಿ!

ಲಿಯಾಂಗ್, ಅಂದರೆ ಹೆಣ ಇಡುವ ಜಾಗ, ಒಂದೇ ಬಗೆಯದಲ್ಲ. ಲೋಂದಾ ಎಂಬಲ್ಲಿರುವುದು ಸಹಜ ಗುಹೆ, ಅಲ್ಲಿಗೆ ‘ಗುಹೆ’ ಸಲ್ಲುತ್ತದೆ. ಲೇಮೋ ಎಂಬಲ್ಲಿನ ಲಿಯಾಂಗ್ ಪಾ’ ಸುಣ್ಣಕಲ್ಲಿನ ಕಡಿದಾದ ಬಂಡೆಯಲ್ಲಿ ಉಳಿಯಿಂದ ತಿಂಗಳುಗಟ್ಟಲೆ ಕಡಿದು ತೆಗೆದದ್ದು, ‘ಬಂಡೆಗೋರಿ’ ಎನ್ನಿ. ಬಾಯಿ ಕಿರಿದು, ಒಳಗೆ ಒಂದು ಮನೆತನದ ಹಲವರಿಗೆ ಜಾಗ. ಹೆಣವನ್ನು ಪದರಪದರ ಬಟ್ಟೆಯಲ್ಲಿ ಉರುಟಾಗಿ ಸುತ್ತಿ ಒಳಗೆ ತಳ್ಳುತ್ತಿದ್ದರು. ಎರೊಂಗ್ ಕೂಡ ನಾವೆನ್ನುವ ಶವಪೆಟ್ಟಿಗೆಯಲ್ಲ. ಕೋಣ, ಹಂದಿ ಅಥವಾ ದೋಣಿಯಾಕಾರದ ಆ ಮರದ ಪೆಟ್ಟಿಗೆಯಲ್ಲಿ ಒಂದೇ ಕುಲದ ಹಲವರ ಎಲುಬು ಸೇರುತ್ತವೆ. ಕೆತೆಕೆಸು ಎಂಬ ಊರಲ್ಲಿ ಈ ಪೆಟ್ಟಿಗೆ ಇಡಲು ಬಂಡೆಗೆ ಹೊಡೆದ ತೊಲೆಗಳು ಲಡ್ಡಾಗಿ ಪೆಟ್ಟಿಗೆಗಳು ಕೆಳಗೆ ಬಿದ್ದಿವೆ. ಅಲ್ಲಿನ ಚಿತ್ರ ನೋಡಿ ‘ಎಲುಬುಗಳನ್ನು ಹರಡುವ ಪದ್ಧತಿ’ ಎಂದು ಬರೆದುಬಿಡಬೇಡಿ.

ಬರಹದಲ್ಲಿ ‘ಶವವನ್ನು ವರ್ಷಗಟ್ಟಲೆ ಮನೆಯಲ್ಲಿ ಇಡುತ್ತಾರೆ’ ಎಂಬ ವಾಕ್ಯವಿದ್ದರೆ ಅದನ್ನೂ ತಿದ್ದಬೇಕು. ರಾಂಬು ಸೊಲೊ’ ಎಂಬ ದೊಡ್ಡ ಕ್ರಿಯೆಯಲ್ಲಿ ಮೊದಲ ಕೋಣ ಬೀಳುವವರೆಗೂ ಮನೆಯವರ ಲೆಕ್ಕದಲ್ಲಿ ತೀರಿಕೊಂಡವರು ತೊ ಮಾಕುಲಾ’, ಅಂದರೆ ಹುಷಾರಿಲ್ಲದವರು. ಅವರ ಮುಂದೆ ಊಟ ಇಡುತ್ತಾರೆ, ಅವರನ್ನು ಮಾತಾಡಿಸುತ್ತಾರೆ. ಮನೆಯವರ ಮಾತು ಬರುವಲ್ಲಿ ‘ಶವ’ ಬೇಡ. ಇನ್ನು ಈ ಕ್ರಿಯೆಗೆ ‘ಶ್ರಾದ್ಧ’ ಎಂಬ ಪದವೂ ಸಲ್ಲದು. ಅಲ್ಲಿನ ಪೂರ್ವಿಕರ ಧರ್ಮವಾದ ಆಲುಕ್ ತೊ ದೊಲೋವನ್ನು ಸರ್ಕಾರ 1969ರಲ್ಲಿ ಹಿಂದೂ ಧರ್ಮದಡಿ ಸೇರಿಸಿದ್ದು ನಿಜ, ಆದರೆ ಅದು ದಾಖಲೆಯ ಏರ್ಪಾಡು. ಪಿಂಡ, ತರ್ಪಣದ ಕಲ್ಪನೆಯನ್ನು ಅಲ್ಲಿಗೆ ಎಳೆಯಲಾಗದು.

ಸಮಾಧಿಯಿಂದ ದೇಹ ಹೊರತೆಗೆದು ಶುಚಿಮಾಡಿ ಹೊಸ ಬಟ್ಟೆ ಉಡಿಸುವ ಮಾ’ನೆನೆಯಲ್ಲಿರುವ ‘ನೆನೆ’ಗೂ ನಮ್ಮ ‘ನೆನೆ’ಗೂ ನಂಟಿಲ್ಲ. ಅಲ್ಲಿ ನೆನೆ ಅಂದರೆ ಅಜ್ಜ-ಅಜ್ಜಿ, ಹಿರಿಯರು. ‘ನೆನಪಿನ ಹಬ್ಬ’ ಎಂಬ ಅನುವಾದ ಚೆಂದ ಕಂಡರೂ ಸುಳ್ಳು.

ಸಿಂಬುವಾಂಗ್ ವೀರಗಲ್ಲಲ್ಲ. ಅದರಲ್ಲಿ ಹೋರಾಟದ ಚಿತ್ರವಿಲ್ಲ, ಬರಹವೂ ಇಲ್ಲ. ಮೇಲ್ವರ್ಗದವರ ಕ್ರಿಯೆ ನಡೆಯುವ ರಾಂತೆ ಎಂಬ ಬಯಲಲ್ಲಿ ನೆಟ್ಟ ಒರಟು ಕಲ್ಲು ಅದು, ಬೊರಿ ಎಂಬ ಊರಲ್ಲಿ ಸಾಲುಸಾಲಾಗಿವೆ. ಇದಕ್ಕೆ ‘ನಿಲಸುಗಲ್ಲು’ ಎಂಬ ಒಳ್ಳೆಯ ಪದ ನಮ್ಮಲ್ಲೇ ಇದೆ. ಶಿವಮೊಗ್ಗ ಜಿಲ್ಲೆಯ ಊರೊಂದರ ಹೆಸರೂ ಅದೇ.